ಶುಕ್ರವಾರದ ಹಸಿರು

ಕಪ್ಪಾಗಿರಬೇಕಿದ್ದ ತಟ್ಟೆ ಹಸಿರಾಗಿತ್ತು. ದಾನೇಶ್ವರಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಕನ್ನಡಕ ಒರೆಸಿಕೊಂಡು, ಮತ್ತೆ ಬಗ್ಗಿ ನೋಡಿದಳು. ಹಸಿರೇ. ಒಂದೊಂದು ಜೀವಕೋಶದ ಅಂಚೂ ಸಣ್ಣ ಕುಂಚದಿಂದ ತೀಡಿದಂತೆ ಹೊಳೆಯುತ್ತಿತ್ತು. ಒಳಗೆ ಅಲ್ಲಲ್ಲಿ ಚದುರಿದ ಮಬ್ಬು. ಆರು ವರ್ಷದಿಂದ ಪ್ರತಿ ಶುಕ್ರವಾರ ಈ ಕತ್ತಲ ಕೋಣೆಯಲ್ಲಿ, ಇದೇ ಕುರ್ಚಿಯಲ್ಲಿ ಕೂತು ಅವಳು ಇದೇ ಹಸಿರನ್ನು ನೋಡಿದ್ದಳು, ನೋಡಿದಾಗಲೆಲ್ಲ ಒಳಗೊಳಗೇ ಹಿಗ್ಗಿದ್ದಳು. ಇವತ್ತು ತಟ್ಟೆಯ ಅಂಚಿನ ಲೇಬಲ್ಲನ್ನು ಮೊಬೈಲಿನ ಬೆಳಕಿನಲ್ಲಿ ಎರಡು ಸಲ ಓದಿದಳು. ಅವಳದೇ ಅಕ್ಷರ: ಖಾಲಿ. ಹತ್ತು ಗಂಟೆ ಐವತ್ತು ನಿಮಿಷ. ಮುಲುಂಡಿನಿಂದ ಬರುವಾಗ ಬಸ್ಸಿನಲ್ಲಿ ಯಾರದೋ ಛತ್ರಿ ಚುಚ್ಚಿದ್ದ ಮೊಣಕಾಲು ಈಗ, ಯಾವ ಕಾರಣವೂ ಇಲ್ಲದೆ, ನೋಯತೊಡಗಿತು.

ಕೋಶದ ಹೊರಪೊರೆಯಲ್ಲಿ ಒಂದು ಜಿಡ್ಡಿನ ಅಣು ಇರುತ್ತದೆ, ಸಂದೇಶ ಒಯ್ಯುವ ಲಿಪಿಡ್. ಹೊರಗಿನಿಂದ ಹಾರ್ಮೋನು ಬಂದು ಮುಟ್ಟಿದರೆ ಅದು ಒಡೆಯುತ್ತದೆ. ಒಡೆದ ಸುದ್ದಿ ಒಳಗೆ ಹೋಗುತ್ತದೆ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಹಾಗಾಗಿ ಅದನ್ನೊಂದೇ ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನೊಂದಕ್ಕೆ ಹಸಿರಾಗಿ ಹೊಳೆಯುವ ಬಾಲವನ್ನು ಕಟ್ಟಿ ಕೋಶದೊಳಗೆ ಬಿಡುತ್ತಾರೆ. ಎಲ್ಲಿ ಹೊಳೆಯಿತೋ ಅಲ್ಲಿ ಲಿಪಿಡ್ ಇದೆ ಎಂದು ಅರ್ಥ. ವಿಜ್ಞಾನ ದಿನದಂದು ಲ್ಯಾಬ್ ನೋಡಲು ಬರುವ ಶಾಲೆಯ ಮಕ್ಕಳಿಗೆ ಅವಳು ಹೇಳುತ್ತಿದ್ದಳು, ಕತ್ತಲಲ್ಲಿ ಕಳ್ಳನನ್ನು ಹುಡುಕಲು ನಾಯಿಯ ಕೊರಳಿಗೆ ದೀಪ ಕಟ್ಟಿ ಬಿಟ್ಟಹಾಗೆ, ಮಕ್ಕಳೇ. ನಾಯಿ ಎಲ್ಲಿ ನಿಂತಿತೋ ಅಲ್ಲಿ ಕಳ್ಳ. ಮಕ್ಕಳು ನಗುತ್ತಿದ್ದರು. ಇವತ್ತಿನ ಈ ತಟ್ಟೆಗೆ ಅವಳು ನಾಯಿಯನ್ನೇ ಬಿಟ್ಟಿರಲಿಲ್ಲ. ದೀಪ ಮಾತ್ರ ಉರಿಯುತ್ತಿತ್ತು.

ಖಾಲಿ ತಟ್ಟೆಯನ್ನು ಶುಕ್ರವಾರ ನೋಡಿದ್ದು ಇದೇ ಮೊದಲು. ಅವರ ಲ್ಯಾಬಿಗೆ ಈ ಯಂತ್ರ ಸಿಗುವುದು ವಾರಕ್ಕೆ ಎರಡೇ ಸಲ: ಬುಧವಾರ ಪಿಎಚ್.ಡಿ. ವಿದ್ಯಾರ್ಥಿನಿ ಯಕ್ಷಿತಾಗೆ, ಶುಕ್ರವಾರ ಅವಳಿಗೆ, ಎರಡೆರಡು ತಾಸು. ಎರಡು ತಾಸಿನಲ್ಲಿ ಅಸಲು ತಟ್ಟೆಗಳನ್ನೇ ನೋಡಿ ಮುಗಿಯುವುದಿಲ್ಲ. ಹೋಲಿಕೆಯ ಖಾಲಿ ತಟ್ಟೆಗಳನ್ನು ಅವಳು ಗುರುವಾರ ಮೇಲ್ಮಹಡಿಯ ಲ್ಯಾಬಿಗೆ ಒಯ್ದು, ಅವರ ಯಂತ್ರದಲ್ಲಿ, ಅವರ ಸಾಮಾನಿನಲ್ಲಿಟ್ಟು ನೋಡಿ ಬರುತ್ತಿದ್ದಳು. ಅಲ್ಲಿ ಅವು ಯಾವಾಗಲೂ ಕಪ್ಪು. ಒಂದೇ ದಿನ, ಒಂದೇ ಸಾಮಾನಿನಲ್ಲಿ ಎರಡನ್ನೂ ನೋಡಬೇಕು ಎಂಬುದು ಹೊಸದಾಗಿ ಸೇರುವ ಹುಡುಗಿಯರಿಗೆ ಅವಳೇ ಹೇಳಿಕೊಡುವ ಮೊದಲ ಪಾಠ. ನಿನ್ನೆ ಮೇಲಿನ ಯಂತ್ರ ಕೆಟ್ಟಿತ್ತು, ಅಷ್ಟೆ. ಅದು ಕೆಡದಿದ್ದರೆ? ಅವಳು ಹಾರ್ಮೋನು ಹಾಕದೆ, ಏನನ್ನೂ ಹಾಕದೆ, ಬೆಳಕನ್ನು ಮಾತ್ರ ಹಾಯಿಸಿ ಎಣಿಸಿದಳು. ಅರವತ್ತಕ್ಕೆ ಹಸಿರು ಅರ್ಧವಾಯಿತು. ತೊಂಬತ್ತಕ್ಕೆ ಆರಿಹೋಯಿತು. ತೊಂಬತ್ತು ಸೆಕೆಂಡು. ನಾಲ್ಕು ವರ್ಷದ ಹಿಂದೆ ಅಚ್ಚಾದ ಅವರ ಪ್ರಬಂಧದ ತಲೆಬರಹದಲ್ಲೇ ಆ ಸಂಖ್ಯೆ ಇತ್ತು: ಹಾರ್ಮೋನು ಮುಟ್ಟಿದ ತೊಂಬತ್ತು ಸೆಕೆಂಡಿನಲ್ಲಿ ಪೊರೆಯ ಲಿಪಿಡ್ ಪೂರ್ತಿ ಖರ್ಚಾಗುತ್ತದೆ. ಖರ್ಚಾದರೆ ಹಿಡಿತ ತಪ್ಪಿದ ಪ್ರೋಟೀನು ಕೋಶದ ಒಳಗೆ ಹರಡಿ, ಒಳಗೆ ಬೆಳಕು ಏರಬೇಕಲ್ಲ ಎಂದು ಒಬ್ಬ ಪರಿಶೀಲಕರು ಕೇಳಿದ್ದರು. ಏರಿರಲಿಲ್ಲ. ತೀರ ತೆಳುವಾಗಿ ಹರಡುವುದರಿಂದ ಅಳತೆಗೆ ಸಿಗದು ಎಂಬ ಉತ್ತರದ ಕರಡು ಬರೆದವಳು ಅವಳೇ. ಬರೆಯುವಾಗ ಬೆನ್ನ ಹಿಂದೆ ಯಾರೋ ನಿಂತಂತಾಗಿ ತಿರುಗಿ ನೋಡಿದ್ದು ನೆನಪಾಯಿತು. ಯಾರೂ ಇರಲಿಲ್ಲ.

ಮೂರು ಗಂಟೆಗೆ ಯಕ್ಷಿತಾಳ ಸಮಿತಿ ಸೇರುವುದಿತ್ತು. ಆರು ವರ್ಷದ ಹುಡುಗಿ ಅವಳು. ಲ್ಯಾಬಿನಲ್ಲಿ ವಯಸ್ಸನ್ನು ಎಣಿಸುವುದು ಹಾಗೆ. ಪ್ರಬಂಧದ ಮುಂದಿನ ಕೆಲಸ ಅವಳಿಗೆ ಸಿಕ್ಕಿತ್ತು, ಅದಕ್ಕೆ ಮೊದಲು ಆ ತೊಂಬತ್ತು ಸೆಕೆಂಡನ್ನು ತನ್ನ ಕೈಯಿಂದ ಒಮ್ಮೆ ಮಾಡಿ ತೋರಿಸಬೇಕಿತ್ತು. ಹದಿನಾಲ್ಕು ಸಲ ಮಾಡಿದಳು. ಹದಿನಾಲ್ಕು ಸಲವೂ ಮಂಕು ಬೆಳಕು, ಹತ್ತು ನಿಮಿಷವಾದರೂ ಆರದ ಬೆಳಕು. ಅವಳನ್ನು ಪಿಎಚ್.ಡಿ.ಯಿಂದ ಇಳಿಸಿ ಸಣ್ಣ ಪದವಿ ಕೊಟ್ಟು ಕಳಿಸುವುದೋ ಬೇಡವೋ ಎಂದು ಇವತ್ತು ತೀರ್ಮಾನ. "ಕೆಲಸಕ್ಕೆ ಕೈಗುಣ ಬೇಕಾಗ್ತದ ಯಕ್ಷಿತಾ," ಎಂದು ಹೋದ ತಿಂಗಳು ದಾನೇಶ್ವರಿಯೇ ಅಂದಿದ್ದಳು, ನಾಲ್ಕು ಜನರ ಎದುರು, ನಗುತ್ತಲೇ. ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರ್ ಟಿಪ್ನಿಸ್ ಆ ಮಾತನ್ನು ಕಲಿತುಕೊಂಡು ಬಂದವರಿಗೆಲ್ಲ ಹೇಳುತ್ತಿದ್ದರು: ನಮ್ಮ ದಾನೇಶ್ವರಿಬಾಯಿಯ ಕೈಗುಣ. ಯಕ್ಷಿತಾ ಕೂಡ ನಕ್ಕಿದ್ದಳು. ಅಂಧೇರಿಯಲ್ಲಿ ಅವಳ ಅಪ್ಪ ಸದಾನಂದರ ಹೋಟೆಲಿದೆ. "ಅಪ್ಪ ಕೇಳ್ತಾರೆ ಮ್ಯಾಮ್, ಆರು ವರ್ಷ ಹೊಯ್ದದ್ದು ದೋಸೆಯೇ ಆಗಿದ್ರೆ ಒಂದಾದ್ರೂ ಏಳ್ತಿತ್ತಲ್ಲ ಮಗಾ, ಅಂತ." ಎಲ್ಲರೂ ಇನ್ನೊಮ್ಮೆ ನಕ್ಕರು. ಆ ನಗು ಮುಗಿದ ಮೇಲೆ ಹುಡುಗಿ ತೊಳೆಯುವ ಕೋಣೆಗೆ ಹೋಗಿ ಹದಿನೈದು ನಿಮಿಷ ನಲ್ಲಿ ಬಿಟ್ಟುಕೊಂಡು ನಿಂತಿದ್ದಳೆಂದು ಸಾಮಾನು ತೊಳೆಯುವ ರುದ್ರವ್ವ ಹೇಳಿದ್ದಳು. ಕೇಳದಿದ್ದರೂ ಹೇಳುವುದು ಆಕೆಯ ಸ್ವಭಾವ.

ಕೋಶಗಳಿಗೆ ಏನೋ ಬೆರೆತಿದೆ, ಎಲ್ಲಿಂದ? ದಾನೇಶ್ವರಿ ತನ್ನ ಮೇಜಿಗೆ ಬಂದು ಒಂದೊಂದನ್ನೇ ಎತ್ತಿ ನೋಡಿದಳು. ಕೋಶಗಳಿರುವ ಗಾಜಿನ ಬಿಲ್ಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಕೂರಿಸಲು ಉಕ್ಕಿನ ಒಂದು ಉಂಗುರ. ಅದರೊಳಗೆ ರಬ್ಬರಿನ ವಾಶರ್. ಪ್ರತಿ ಸಲ ಬಳಸುವ ಮೊದಲು ಎರಡನ್ನೂ ಸ್ಪಿರಿಟ್ಟಿನ ಜಾಡಿಯಲ್ಲಿ ಮುಳುಗಿಸಿಡುವುದು. ಉಂಗುರ, ಜಾಡಿ ಎರಡೂ ಅವಳವು, ಯಾರೂ ಮುಟ್ಟುವಂತಿಲ್ಲ. ಜಾಡಿಯನ್ನು ಬಿಳಿ ಕಾಗದದ ಮುಂದೆ ಹಿಡಿದಳು. ನೀರಿನಂತೆ ಇರಬೇಕಿದ್ದ ಸ್ಪಿರಿಟ್ಟಿಗೆ ಹಳದಿಯ ಛಾಯೆ ಇತ್ತೋ, ಇರಲಿಲ್ಲವೋ. ಡ್ರಾಯರಿನಿಂದ ನೀಲಿ ಟಾರ್ಚು ತೆಗೆದು, ಪರದೆ ಎಳೆದು, ಬೆಳಕು ಬಿಟ್ಟಳು. ಜಾಡಿ ತಳದಿಂದ ಬಾಯಿಯವರೆಗೆ ಹಸಿರಾಯಿತು. ಅದು ಏನೆಂದು ಯಾರೂ ಹೇಳಬೇಕಿರಲಿಲ್ಲ. ಪ್ರತಿ ವರ್ಷ ವಿಜ್ಞಾನ ದಿನದಂದು ಇದೇ ಟಾರ್ಚು ಹಿಡಿದು ಮುನಿಸಿಪಾಲ್ಟಿ ಶಾಲೆಯ ಮಕ್ಕಳಿಗೆ ಅವಳು ತೋರಿಸುವ ಆಟ ಅದು: ಸ್ಪಿರಿಟ್ಟಿನಲ್ಲಿ ಚಿಟಿಕೆ ಅರಿಶಿನ, ನೀಲಿ ಬೆಳಕು, ಮಕ್ಕಳ "ಹೋ" ಎಂಬ ಕೂಗು. ಅರಿಶಿನದ ಬಣ್ಣ ಜಿಡ್ಡಿಗೆ ಅಂಟುತ್ತದೆ, ಕೋಶದ ಪೊರೆಯೇ ಜಿಡ್ಡಿನದು, ಬೆಳಕಿಗೆ ಬೇಗ ಮಾಸುತ್ತದೆ. ಎಲ್ಲವೂ ಅವಳಿಗೆ ಗೊತ್ತಿದ್ದದ್ದೇ. ಅರಿಶಿನ! ಅವಳಿಗೆ ಮೊದಲು ಬಂದದ್ದು ಸಿಟ್ಟು, ಎಂಥದೋ ಸಮಾಧಾನ ಬೆರೆತ ಸಿಟ್ಟು. ಅರಿಶಿನ ಹಚ್ಚಿದ ಕೈ ಈ ಲ್ಯಾಬಿನಲ್ಲಿ ಇನ್ಯಾರದಿರುತ್ತದೆ?

ರುದ್ರವ್ವ ತೊಳೆಯುವ ಕೋಣೆಯಲ್ಲಿ ಗಾಜಿನ ಕೊಳವೆಗಳನ್ನು ಬುಟ್ಟಿಗೆ ಜೋಡಿಸುತ್ತಿದ್ದಳು. ಗುತ್ತಿಗೆಯ ಹೆಂಗಸು, ಇಂಡಿ ಕಡೆಯವಳು. ಹಾಗೆ ನೋಡಿದರೆ ದಾನೇಶ್ವರಿಯ ಅವ್ವನ ಊರಿಗೂ ಅವಳ ಊರಿಗೂ ಏಳು ಹರದಾರಿ. ಆ ನಂಟನ್ನು ದಾನೇಶ್ವರಿ ಎಂದೂ ಬೆಳೆಸಿರಲಿಲ್ಲ.

"ರುದ್ರವ್ವ, ನನ್ನ ಜಾಡಿ ಮುಟ್ಟಿದ್ದೇನು?"

"ಯಾವ ಜಾಡಿರೀ ಬಾಯಾರ?"

"ಸ್ಪಿರಿಟ್ಟಿಂದು. ಉಂಗುರ ಹಾಕಿಡ್ತೀನಲ್ಲ, ಅದು. ಖರೇ ಹೇಳು. ಅರಿಶಿಣದ ಕೈ ಅದರಾಗ ಅದ್ದಿದ್ದೇನು?"

ರುದ್ರವ್ವ ನಲ್ಲಿ ನಿಲ್ಲಿಸಿದಳು. ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು. "ಆರು ವರ್ಷದ ಹಿಂದ ನೀವು ಏನಂದಿದ್ರಿ, ನೆನಪೈತೇನ್ರಿ? ನಿನ್ನ ಕೈ ಹೊಲಸ ಅದಾವ, ನನ್ನ ಸಾಮಾನ ಮುಟ್ಟಬ್ಯಾಡ ಅಂದ್ರಿ. ಅವತ್ತಿಂದ ಆ ಜಾಡಿ ಸನೇಕ ಸುದ್ದಾ ಹೋಗಿಲ್ಲ ನಾನು. ಮೇಜು ಒರಸೂವಾಗ ಅದರ ಸುತ್ತ ಒರಸಿ ಬಿಡ್ತೀನಿ, ಬೇಕಾದ್ರ ಹೋಗಿ ನೋಡ್ರಿ, ಧೂಳಿನ ಬಳಿ ಕೂತೈತಿ." ಎರಡೂ ಅಂಗೈಗಳನ್ನು ಮುಂದೆ ಚಾಚಿದಳು. ಸೋಡಾಪುಡಿಗೆ ಬೆಳ್ಳಗೆ ಬಿರಿದ ಅಂಗೈಗಳು. "ಮತ್ತ ಅರಿಶಿಣ ನಾ ಎಲ್ಲಿಂದ ತರಲಿ ಬಾಯಾರ? ನನ್ನ ಗಂಡ ಸತ್ತು ಹನ್ನೊಂದು ವರ್ಷ ಆತು."

ದಾನೇಶ್ವರಿ ಅವಳ ಹಣೆ ನೋಡಿದಳು. ಹುಬ್ಬುಗಳ ನಡುವೆ ಬೊಟ್ಟಿತ್ತು, ಯಾವಾಗಲೂ ಇತ್ತು. ಅದು ಹಚ್ಚೆಯ ಬೊಟ್ಟು, ಕುಂಕುಮವಲ್ಲ, ಮಾಸಿದ ಕಡುಹಸಿರು. ಎಷ್ಟು ವರ್ಷದಿಂದ ದಿನಾ ಎದುರಿಗೆ ಬಂದ ಮುಖ. ಹಸಿರಿನ ಹತ್ತು ಛಾಯೆಗಳನ್ನು ಅಂಕಿಯಲ್ಲಿ ಹೇಳಬಲ್ಲವಳು ಅವಳು. ಅಷ್ಟಗಲದ ಹಣೆಯ ಮೇಲಿನ ಒಂದು ಬೊಟ್ಟಿನ ಬಣ್ಣವನ್ನು ಒಂದು ದಿನವೂ ನೋಡಿರಲಿಲ್ಲ. ಏನಾದರೂ ಹೇಳಬೇಕೆನಿಸಿತು. "ಇರಲಿ," ಎಂದು ಹೊರಬಂದಳು. ಇರಲಿ ಎಂದದ್ದು ಕ್ಷಮಿಸಿದವಳ ಹಾಗೆ ಕೇಳಿಸಿತು, ಅದು ಅವಳಿಗೇ ಗೊತ್ತಾಯಿತು.

ಮೇಜಿನ ಮೇಲೆ, ಜಾಡಿ ಎತ್ತಿದ ಜಾಗದಲ್ಲಿ, ಧೂಳಿನ ದುಂಡನೆಯ ಬಳೆ ಇತ್ತು. ಮತ್ತೆ ಮಾಡಬೇಕು, ಹೊಸದಾಗಿ, ಮೊದಲಿನಿಂದ. ಹೊಸ ಕೈಗವಸು ಹಾಕಿಕೊಂಡಳು, ತೊಳೆದ ಜಾಡಿಗೆ ಹೊಸ ಸ್ಪಿರಿಟ್ಟು ಸುರಿದಳು, ಉಂಗುರವನ್ನು ಎಡಗೈಯಲ್ಲಿ ಎತ್ತಿದಳು. ಬಲಗೈ ಕುಪ್ಪಸದ ಕೊರಳಿಗೆ ಹೋಗಿ, ತಾಳಿಯನ್ನು ಹೊರಗೆಳೆದು, ಅದರ ಎರಡೂ ಚಿನ್ನದ ಬಟ್ಟಲುಗಳನ್ನು ಬೆರಳಲ್ಲಿ ಕೂಡಿಸಿ ಹಿಡಿದು ಕಣ್ಣಿಗೆ ಒತ್ತಿಕೊಂಡಿತು, ಮೊದಲು ಎಡಗಣ್ಣು, ಆಮೇಲೆ ಬಲಗಣ್ಣು. ಅಲ್ಲಿಗೇ ಅವಳು ನಿಂತಳು. ಗೋಡೆಯ ಗಡಿಯಾರದ ಮುಳ್ಳು ಓಡುತ್ತಿತ್ತು. ದೇವರು ದಿಂಡರೆಂದು ಅವಳೇನೂ ನಂಬಿದವಳಲ್ಲ. ಕೆಲಸ ಕೂಡಿಬರಲಿ ಎಂದು ಮೊದಲ ಸಲ ಮಾಡಿದ್ದಿರಬೇಕು, ಕೂಡಿಬಂದಿತ್ತು, ಕೈ ಅದನ್ನು ಕಲಿತುಕೊಂಡಿತು. ಶುಕ್ರವಾರ ಬೆಳಗ್ಗೆ ತಲೆ ಮೇಲೆ ನೀರು ಹಾಕಿಕೊಂಡು ಬಂದರೆ ಅವ್ವ ಸುಂದ್ರವ್ವ ಅಡುಗೆಮನೆಯ ಹೊಸ್ತಿಲಾಚೆ ನಿಂತು ಕೇಳುವಳು, ತಾಳಿಗಿ ಅರಿಶಿಣ ಹಚ್ಚಿದಿಯಿಲ್ಲ? ಅವ್ವ ಅರಿಶಿನ ಮುಟ್ಟುವುದಿಲ್ಲ. ಪವಾಯಿಯ ಈ ಎತ್ತರದ ಕಟ್ಟಡಗಳಿಗೆ ತಲೆಮೇಲೆ ಇಟ್ಟಿಗೆ ಹೊತ್ತವಳು, ಅಪ್ಪ ಹೋದಂದಿನಿಂದ ಅರಿಶಿನದ ಬಟ್ಟಲನ್ನು ಮಗಳ ಕಡೆಗೆ ಕಾಲ್ಬೆರಳಿನಿಂದ ಸರಿಸುವುದೂ ಇಲ್ಲ, ಬಾಯಲ್ಲಿ ಹೇಳುತ್ತಾಳೆ. ವಾರ ವಾರ ಅದನ್ನು ನೋಡಿಯೂ ರುದ್ರವ್ವನ ಕೈಯಲ್ಲಿ ಅರಿಶಿನ ಹುಡುಕಲು ಹೋಗಿದ್ದಳು. ತಾಳಿಯ ಬಟ್ಟಲುಗಳನ್ನು ತಿರುಗಿಸಿದಳು. ಚಿನ್ನದ ಟೊಳ್ಳಿನಲ್ಲಿ ಅರಿಶಿನ ತುಂಬಿ, ಒಣಗಿ, ಬಿರುಕು ಬಿಟ್ಟಿತ್ತು. ನೀಲಿ ಕೈಗವಸಿನ ಎರಡು ಬೆರಳ ತುದಿ ಹಳದಿಯಾಗಿತ್ತು. ಆ ಎರಡು ಬೆರಳಿನಿಂದಲೇ ರಬ್ಬರಿನ ವಾಶರನ್ನು ಸ್ಪಿರಿಟ್ಟಿಗೆ ಬಿಡುವುದು. ರಬ್ಬರು ಬಣ್ಣವನ್ನು ಹೀರಿಕೊಳ್ಳುತ್ತದೆ, ನಿಧಾನವಾಗಿ ಕೋಶಗಳ ನೀರಿಗೆ ಬಿಡುತ್ತದೆ. ಆರು ವರ್ಷ. ಮುನ್ನೂರು ಶುಕ್ರವಾರ.

ಅಷ್ಟಕ್ಕೇ ನಂಬುವುದು ಸರಿಯಲ್ಲ, ಅಳೆಯಬೇಕು ಎಂದುಕೊಂಡಳು. ಹಾಗೆ ಅಂದುಕೊಂಡದ್ದೂ ಹೊತ್ತು ಕಳೆಯಲಿಕ್ಕೇ ಎಂದು ಇನ್ನೊಂದು ಮನಸ್ಸು ಹೇಳಿತು. ಬಟ್ಟಲಿನಿಂದ ಹಲ್ಲುಕಡ್ಡಿಯಲ್ಲಿ ಒಂದಿಷ್ಟು ಕೆರೆದು ಒಂದು ಜಾಡಿಗೆ ಹಾಕಿದಳು, ಇನ್ನೊಂದಕ್ಕೆ ಏನೂ ಹಾಕಲಿಲ್ಲ. ಒಂದು, ಎರಡು ಎಂದಷ್ಟೇ ಬರೆದು, ಎರಡು ಹೊಸ ಉಂಗುರಗಳ ಜೊತೆಗೆ ಯಕ್ಷಿತಾಳಿಗೆ ಕೊಟ್ಟಳು.

"ಖಾಲಿ ಕೋಶಗಳನ್ನ ಕೂರಿಸು. ಅರ್ಧ ಗಂಟೆ ಬಿಟ್ಟು ನೋಡು. ನೋಡಿದ್ದನ್ನ ಹೇಳು."

"ಮ್ಯಾಮ್, ಮೂರು ಗಂಟೆಗೆ ನನ್ನ..." ಹುಡುಗಿ ಬೆಳಗಿನಿಂದ ಇಸ್ತ್ರಿಯ ಕುರ್ತಾ ಹಾಕಿಕೊಂಡು ಕೂತಿದ್ದಳು. "ಖಾಲೀ ಮೆ ಕ್ಯಾ ದಿಖೇಗಾ? ಅದ್ರಲ್ಲಿ ಏನೂ ಇರ್ಲಿಕ್ಕಿಲ್ಲ ಅಲ್ವಾ?"

"ನೋಡು."

ಒಂದು ಗಂಟೆ ನಲವತ್ತಕ್ಕೆ, ಮುಂದಿನವರನ್ನು ಕೇಳಿ ಪಡೆದ ಹೊತ್ತಿನಲ್ಲಿ, ಅವರಿಬ್ಬರೂ ಕತ್ತಲ ಕೋಣೆಯಲ್ಲಿದ್ದರು. ಎರಡನೆಯದು ಕಪ್ಪು. ಮೊದಲನೆಯದನ್ನು ಇಟ್ಟು ಹುಡುಗಿ ಬಗ್ಗಿದಳು. ಆಮೇಲೆ ತನ್ನಷ್ಟಕ್ಕೆ ತಾನು ಎಣಿಸತೊಡಗಿದಳು, ಹಿಂದಿಯಲ್ಲಿ. ನಬ್ಬೆ, ತೊಂಬತ್ತು, ಎಂದು ಬಾಯಿಂದ ಬಂದಮೇಲೂ ತಲೆ ಎತ್ತಲಿಲ್ಲ.

"ಮ್ಯಾಮ್, ಇದು ನಿಮ್ಮ ಮೂರನೇ ಚಿತ್ರ."

"ಹೌದು."

"ಪ್ರಬಂಧದ ಮೂರನೇ ಚಿತ್ರ. ಸೇಮ್ ಟು ಸೇಮ್." ತಿರುಗಿದಳು. ಯಂತ್ರದ ಪುಟ್ಟ ಕೆಂಪು ದೀಪದಲ್ಲಿ ಮುಖ ಕಾಣುತ್ತಿರಲಿಲ್ಲ. "ಹಾಗಾದ್ರೆ ನನ್ನದು? ನನ್ನ ಹದಿನಾಲ್ಕು?"

"ನಿನ್ನದು ಸರಿ ಇತ್ತು."

ಅವಳು ಕೂಗಾಡುತ್ತಾಳೆ, ಅಳುತ್ತಾಳೆ ಎಂದು ದಾನೇಶ್ವರಿ ಕಾದಳು. "ನಾನು ಕೈ ತೋರಿಸ್ಲಿಕ್ಕೆ ಡಾಕ್ಟ್ರ ಹತ್ರ ಹೋಗಿದ್ದೆ ಮ್ಯಾಮ್," ಎಂದಳು ಯಕ್ಷಿತಾ, ಬಹಳ ಮೆತ್ತಗೆ. "ನರ ವೀಕ್ ಉಂಟಾ ಅಂತ."

ಟಿಪ್ನಿಸ್ ಕೋಣೆಯಲ್ಲಿ ಎಲ್ಲ ಹೇಳಲು ಎಂಟು ನಿಮಿಷ ಸಾಕಾಯಿತು. ಅವರು ಮೊದಲು ಬೆಳ್ಳಗಾದರು. ಎದ್ದು ಕಿಟಕಿಯವರೆಗೆ ಹೋಗಿ ಕೆರೆಯನ್ನು ನೋಡಿ ಬಂದರು. ಕೂತಾಗ ಆ ಮುಖ ಆಗಲೇ ಬೇರೆಯಾಗಿತ್ತು. ಅನುದಾನದ ಅರ್ಜಿ ಬರೆಯುವಾಗಿನ ಮುಖ. "ಪ್ರಬಂಧ ಹಿಂದೆಗೆದುಕೊಳ್ಳಲೇಬೇಕು, ಬೇರೆ ದಾರಿಯಿಲ್ಲ. ಹುಡುಗಿ ಉಳಿಯುತ್ತಾಳೆ, ಅದು ಒಳ್ಳೆಯದೇ ಆಯಿತು. ಆದರೆ ಅರೇ ಬಾಯೀ, ಏನಂತ ಬರೆಯುವುದು? ಮಂಗಳಸೂತ್ರಾಚೀ ಹಳದ, ತಾಳಿಯ ಅರಿಶಿನ ಅಂತಲೇ? ಜಗತ್ತೆಲ್ಲ ನಗುತ್ತದೆ. ನನ್ನ ಮೇಲಲ್ಲ, ನಿಮ್ಮ ಮೇಲೆ." ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಸಾಮಾನು ತೊಳೆಯುವಲ್ಲಿ ಲೋಪ. ಅಷ್ಟು ಸಾಕು. ಅದು ಸುಳ್ಳೂ ಅಲ್ಲ. ತೊಳೆಯುವ ಆ ಹೆಂಗಸು ಗುತ್ತಿಗೆಯವಳು ತಾನೇ? ಗುತ್ತಿಗೆದಾರ ಬೇರೊಬ್ಬಳನ್ನು ಕಳಿಸುತ್ತಾನೆ, ಅವಳನ್ನು ಇನ್ನೆಲ್ಲೋ ಹಾಕುತ್ತಾನೆ. ಯಾರಿಗೂ ನಷ್ಟವಿಲ್ಲ." ದಾನೇಶ್ವರಿ ಒಪ್ಪಲಿಲ್ಲ. ಇಲ್ಲವೆನ್ನಲೂ ಇಲ್ಲ. ಮೆಟ್ಟಿಲಿಳಿಯುವಾಗ ಎದೆಯಲ್ಲೊಂದು ಹಗುರ ಹುಟ್ಟಿತು, ಅದನ್ನು ಅವಳು ಸ್ಪಷ್ಟವಾಗಿ ಕಂಡಳು, ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಾಗಿನಂಥ ಹಗುರ.

ಮೂರು ಗಂಟೆಗೆ ಸಮಿತಿಯ ಕೋಣೆಯಲ್ಲಿ ಆರು ಜನ. ಅಧ್ಯಕ್ಷತೆಗೆ ಪರೇಲಿನಿಂದ ಬಂದಿದ್ದ ಹಿರಿಯ ಹೆಂಗಸು, ಬಿಳಿ ಕೂದಲು ಕತ್ತರಿಸಿಕೊಂಡವರು. ಟಿಪ್ನಿಸ್, ಇನ್ನಿಬ್ಬರು ಪ್ರೊಫೆಸರುಗಳು, ಗೋಡೆಯ ಕಡೆಗೆ ಯಕ್ಷಿತಾ. ದಾನೇಶ್ವರಿ ಸಾಕ್ಷಿಯ ಕುರ್ಚಿಯಲ್ಲಿ. ಕೋಟಿನ ಜೇಬಿನಲ್ಲಿ ಟಾರ್ಚು ಹಾಗೇ ಉಳಿದಿತ್ತು, ತೊಡೆಗೆ ತಾಗುತ್ತಿತ್ತು. ಟಿಪ್ನಿಸ್ ಚೆನ್ನಾಗಿ ಮಾತಾಡಿದರು. ಹುಡುಗಿಯ ಪ್ರಾಮಾಣಿಕತೆಯನ್ನು ಹೊಗಳಿದರು, ಪ್ರಬಂಧವನ್ನು ತಾವಾಗಿಯೇ ಹಿಂದೆಗೆದುಕೊಳ್ಳುವುದಾಗಿ ಹೇಳಿದರು, ಕೋಣೆಯೆಲ್ಲ ಗಂಭೀರವಾಯಿತು. ಕಾರಣ, ಲ್ಯಾಬಿನ ಸಾಮಾನು ತೊಳೆಯುವವರಿಂದ ಬಂದ ಬೆರಕೆ, ಅರಿಶಿನ.

"ಹೌದೇ?" ಎಂದು ಅಧ್ಯಕ್ಷೆ ದಾನೇಶ್ವರಿಯನ್ನು ಕೇಳಿದರು.

"ಹೌದು," ಎಂದಳು ದಾನೇಶ್ವರಿ.

ಅಷ್ಟು ಸಲೀಸಾಗಿ ಬಂತು. ಅವಳ ದನಿಯೇ ಅದು, ನಡುಗಲೂ ಇಲ್ಲ. ಆ ಜಾಡಿಯನ್ನು ಬೇರೆ ಯಾರೂ ಮುಟ್ಟುವುದಿಲ್ಲವೆಂದು ಗೊತ್ತಿದ್ದ ಯಕ್ಷಿತಾ ತಟ್ಟನೆ ತಲೆಯೆತ್ತಿ ಅವಳನ್ನು ನೋಡಿದಳು, ಬಾಯಿ ತೆರೆದಳು, ಟಿಪ್ನಿಸ್‌ರನ್ನು ನೋಡಿ ಮುಚ್ಚಿದಳು. ಉಳಿದದ್ದು ಕಡತದ ಸಹಿ ಮಾತ್ರ. ಆಗ ಬಾಗಿಲು ತಳ್ಳಿಕೊಂಡು ರುದ್ರವ್ವ ಚಹಾದ ಟ್ರೇ ತಂದಳು. ಸಭೆ ಇದ್ದ ದಿನ ಕ್ಯಾಂಟೀನಿನಿಂದ ಚಹಾ ತರುವುದೂ ಅವಳದೇ ಕೆಲಸ. ಒಂದೊಂದೇ ಕಪ್ಪನ್ನು ಸದ್ದಾಗದಂತೆ ಇಟ್ಟಳು. ಅಧ್ಯಕ್ಷೆ ಟಿಪ್ನಿಸ್ ಕಡೆಗೆ ಬಾಗಿ ಇಂಗ್ಲಿಷಿನಲ್ಲಿ, ಇವಳೇ ಏನು, ಎಂದು ಕೇಳಿದರು. ಕೇಳುತ್ತ ಅವಳ ಕೈಗಳನ್ನು ನೋಡಿದರು. ಮೇಜಿನ ಸುತ್ತ ಇದ್ದವರೆಲ್ಲರ ಕಣ್ಣು ಅಲ್ಲಿಗೇ ಹೋಯಿತು. ರುದ್ರವ್ವನಿಗೆ ಇಂಗ್ಲಿಷು ಬಾರದು. ಕಣ್ಣುಗಳು ಎಲ್ಲಿ ನೆಟ್ಟಿವೆ ಎಂದು ಮಾತ್ರ ತಿಳಿಯಿತು. ಕೊನೆಯ ಕಪ್ಪನ್ನು ದಾನೇಶ್ವರಿಯ ಮುಂದಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ತಾನು ಎದ್ದು ನಿಂತದ್ದು ದಾನೇಶ್ವರಿಗೆ ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದು ಗೊತ್ತಾಯಿತು. ಬಾಗಿಲ ಪಕ್ಕದ ಸ್ವಿಚ್ಚನ್ನು ಆರಿಸಿದಳು. ಪರದೆ ಎಳೆದ ಕೋಣೆ ಕತ್ತಲಾಯಿತು. ಯಾರೋ, ಏನಿದು, ಎಂದರು. ಕುಪ್ಪಸದ ಕೊರಳಿಗೆ ಕೈ ಹಾಕಿ ತಾಳಿಯನ್ನು ಹೊರಗೆಳೆದಳು. ಗಂಡನ ಎದುರು, ಅವ್ವನ ಎದುರು ಬಿಟ್ಟರೆ ಯಾರ ಮುಂದೆಯೂ ಹೀಗೆ ಎಳೆದು ಹಿಡಿದವಳಲ್ಲ. ಬಟ್ಟಲುಗಳನ್ನು ಮಗುಚಿ ಟಾರ್ಚಿನ ಗುಂಡಿ ಒತ್ತಿದಳು. ಕತ್ತಲಲ್ಲಿ, ಅವಳ ಎದೆಯ ಮುಂದೆ, ಎರಡು ಹಸಿರು ಚುಕ್ಕೆಗಳು ಹೊತ್ತಿಕೊಂಡವು.

"ನಾನು ಸುಳ್ಳು ಹೇಳಿದೆ. ತೊಳೆಯುವವರಿಂದಲ್ಲ," ಎಂದಳು. "ಇಲ್ಲಿಂದ. ಪ್ರತಿ ಶುಕ್ರವಾರ, ಉಂಗುರ ಮುಟ್ಟುವ ಮೊದಲು ಇದನ್ನು ಮುಟ್ಟುತ್ತಿದ್ದೆ. ಖಾಲಿ ತಟ್ಟೆಗಳನ್ನು ಅದೇ ದಿನ ನೋಡಲಿಲ್ಲ. ಎರಡೂ ನಾನು ಮಾಡಿದ್ದು. ಹಾಗೆಯೇ ಬರೆದುಕೊಳ್ಳಿ."

 ಟಿಪ್ನಿಸ್ ಚಹಾದ ಕಪ್ಪನ್ನು ಬಸಿಯ ಮೇಲಿಟ್ಟ ಸದ್ದು ಕೇಳಿಸಿತು.  ಟಾರ್ಚು ಆರಿಸಬೇಕೆಂದರೂ ದಾನೇಶ್ವರಿಯ ಹೆಬ್ಬೆರಳು ಗುಂಡಿಯನ್ನು ಬಿಡಲೊಲ್ಲದು. ಕತ್ತಲಲ್ಲಿ ಯಾರೋ ಹತ್ತಿರ ಬಂದರು. ಸೋಡಾಪುಡಿಯ ವಾಸನೆ ಬಂತು. ಒರಟಾದ ಅಂಗೈಯೊಂದು ಅವಳ ಮುಷ್ಟಿಯ ಮೇಲೆ, ಟಾರ್ಚಿನ ಮೇಲೆ ಮುಚ್ಚಿಕೊಂಡಿತು.

"ಒಳಗ ಹಾಕ್ಕೋರಿ ಬಾಯಾರ," ಎಂದಳು ರುದ್ರವ್ವ, ಅವಳಿಗೆ ಮಾತ್ರ ಕೇಳುವಷ್ಟು. "ಎಲ್ಲಾರೂ ನೋಡಾಕತ್ತಾರ."